ಎರಡನೆಯ ಎಳೆ

"ಇವತ್ತೊಂದಿನ ಬಾಯಿ ಮುಚ್ಕೊಂಡಿರು" ಎಂದು ಅವ್ವ ಹೇಳಿದ್ದು ರೊಟ್ಟಿ ಬಡಿಯುತ್ತಲೇ, ಮುಖ ಎತ್ತದೆಯೇ. ಅದು ಬುದ್ಧಿಮಾತೋ, ಬೇಡಿಕೆಯೋ, ಮಗಳ ಮೇಲಿನ ಹಳೆಯ ದೂರೋ ಮೋನಮ್ಮನಿಗೆ ತಿಳಿಯಲಿಲ್ಲ. ಆಟೋದಲ್ಲಿ ಕೂತು ರೈಲು ಗೇಟು ಏಳುವುದನ್ನು ಕಾಯುವಾಗಲೂ ಆ ಮಾತಿಗೆ ಮನಸ್ಸಿನಲ್ಲೇ ಉತ್ತರ ಕೊಡುತ್ತಿದ್ದಳು. ನಾನಾಗಿ ಯಾವಾಗ ಬಾಯಿ ತೆರೆದಿದ್ದೇನೆ? ಕೇಳಿದ್ದಕ್ಕೆ ಹೇಳಿದ್ದೇನೆ, ಅಷ್ಟೆ. ಹೇಳಿದ್ದು ಅವರಿಗೆ ಸೇರದಿದ್ದರೆ ಅದು ಬಾಯಿಯ ತಪ್ಪೋ, ಕಿವಿಯ ತಪ್ಪೋ? ಗೂಡ್ಸ್ ಗಾಡಿ ಮುಗಿಯುತ್ತಲೇ ಇರಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು ಅವಳ ತುಟಿ ಅಲುಗುವುದನ್ನು ನೋಡಿ ಸ್ವಲ್ಪ ಸರಿದು ಕೂತಳು. ಮೋನಮ್ಮನಿಗೆ ನಾಚಿಕೆಯಾಯಿತು. ನಾಚಿಕೆಯಾದದ್ದಕ್ಕೆ ಸಿಟ್ಟೂ ಬಂತು. ಇವತ್ತು ಬಾಯಿ ಮುಚ್ಚಿಕೊಂಡಿರುವುದು ಸುಲಭವೇ ಇತ್ತು. ಹೊಸ ಯಂತ್ರದ ಉದ್ಘಾಟನೆ, ಟ್ರಸ್ಟಿನವರು ಬರುತ್ತಾರೆ, ರಿಬ್ಬನ್ ಕತ್ತರಿಸುತ್ತಾರೆ, ಉಪ್ಪಿಟ್ಟು ತಿಂದು ಹೋಗುತ್ತಾರೆ. ಅವಳು ಒಂದು ಮೂಲೆಯಲ್ಲಿ ಕೈಕಟ್ಟಿ ನಿಂತರೆ ಸಾಕು. ನಿನ್ನೆ ಸಂಜೆ ಕಾರ್ಯದರ್ಶಿ ಬಸವಂತರಾಯ ಅದನ್ನೇ ಹೇಳಿದ್ದರು: "ಮೋನಮ್ಮ, ನಾಳಿ ನಿನ್ನ ಪರೀಕ್ಷಾ ಗಿರೀಕ್ಷಾ ಏನೂ ಬ್ಯಾಡ. ದೀಪ ಹಸಿರು ಅದಾವಲ್ಲ? ಆತು."

ದೀಪ ಹಸಿರು ಇದ್ದವು. ಹಸಿರು ದೀಪ ಎಂದರೆ ಕೇಬಲ್ಲಿನ ಎಳೆ ಕೂಡಿದೆ ಎಂದಷ್ಟೇ ಅರ್ಥ, ಆ ಎಳೆಯ ಮೇಲೆ ಬೇಕಾದದ್ದು ಬರುತ್ತದೆ ಎಂದಲ್ಲ ಎಂದು ಅವಳು ಹೇಳಿದ್ದಳು. ಬಸವಂತರಾಯರು ಆಗಲೇ ಫೋನ್ ಎತ್ತಿಕೊಂಡು ಉಪ್ಪಿಟ್ಟಿನವನ ಜೊತೆ ಮಾತಾಡುತ್ತಿದ್ದರು.

ಎಡದಂಡೆ ಆಸ್ಪತ್ರೆ ಎಂದು ಅದಕ್ಕೆ ಹೆಸರು. ಕಾಲುವೆ ಬಂದು ಜೋಳದ ಹೊಲಗಳೆಲ್ಲ ಗದ್ದೆಗಳಾದ ಮೇಲೆ, ಅಕ್ಕಿ ಗಿರಣಿಯವರು, ಗುತ್ತಿಗೆದಾರರು ಕೂಡಿ ಕಟ್ಟಿದ ಟ್ರಸ್ಟು. ಶಹಾಪುರ, ಸುರಪುರದಲ್ಲಿ ಒಂದೊಂದು ಸಣ್ಣ ಆಸ್ಪತ್ರೆ ಮೊದಲು ಆದವು. ಯಾದಗಿರಿ ಜಿಲ್ಲೆಯಾದ ಮೇಲೆ ಇಲ್ಲಿ ದೊಡ್ಡದು ಎದ್ದಿತು. ಮೋನಮ್ಮ ಮೂರಕ್ಕೂ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ, ವಿಭಾಗವೆಂದರೆ ಅವಳೊಬ್ಬಳೇ. ಎಕ್ಸ್‌ರೇ, ಸ್ಕ್ಯಾನಿಂಗ್, ರಕ್ತಪರೀಕ್ಷೆ ಎಲ್ಲವೂ ತಮ್ಮ ತಮ್ಮ ಡಬ್ಬಿಗಳಲ್ಲಿ ತಮ್ಮ ತಮ್ಮ ಚಿತ್ರಗಳನ್ನು ಇಟ್ಟುಕೊಂಡು ಕೂತಿದ್ದ ಕಾಲ ಅದು. ಒಂದರಲ್ಲಿದ್ದದ್ದು ಇನ್ನೊಂದಕ್ಕೆ ಕಾಣುತ್ತಿರಲಿಲ್ಲ. ಸುರಪುರದ ಡಬ್ಬಿ ಒಂದು ಬೇಸಿಗೆಯಲ್ಲಿ ಸುಟ್ಟುಹೋದಾಗ ಅದರ ಜೊತೆ ಊರಿನ ಎಷ್ಟೋ ಜನರ ಎದೆಗೂಡು, ಸೊಂಟ, ತಲೆಬುರುಡೆ ಹೋದವು. ದೇವಾಪುರದ ಗೊಲ್ಲಾಳಮ್ಮ ಎಂಬ ಮುದುಕಿ, ಮೋನಮ್ಮನ ಊರಿನವಳೇ, "ನನ್ನ ಗಡ್ಡಿ ಮೊದಲ ಎಷ್ಟಿತ್ತು, ಈಗ ಎಷ್ಟಾಗ್ಯದ ಅಂತ ಹೆಂಗ ತಿಳೀಬೇಕವ್ವ" ಎಂದು ಕೇಳುತ್ತ ಡಾಕ್ಟರ ಮುಂದೆ ಕೂತಿದ್ದಳು. ಡಾಕ್ಟರು ಮೋನಮ್ಮನ ಮುಖ ನೋಡಿದ್ದರು. ಆ ನೋಟ ಹೊತ್ತು ಯಾದಗಿರಿಗೆ ಬಂದ ಮೋನಮ್ಮ ಆವತ್ತೇ ಬಿಳಿ ಹಾಳೆಯ ಮೇಲೆ ಮೊದಲ ಗೆರೆ ಎಳೆದಳು. ಎಲ್ಲರ ಚಿತ್ರಗಳೂ ಒಂದೇ ಕಡೆ, ಡಿಸ್ಕುಗಳ ಒಂದು ದೊಡ್ಡ ಕಪಾಟಿನಲ್ಲಿ. ಆ ಕಪಾಟಿಗೂ ಸರ್ವರ್‌ಗಳಿಗೂ ನಡುವೆ ಬೇರೆ ಯಾವ ಕೆಲಸಕ್ಕೂ ಬಳಸದ, ಅದಕ್ಕೇ ಮೀಸಲಾದ ಜಾಲ. ಸ್ಟೋರೇಜ್ ಏರಿಯಾ ನೆಟ್‌ವರ್ಕ್, ಸ್ಯಾನ್. ಬಸವಂತರಾಯರ ಬಾಯಲ್ಲಿ ಅದು ಶಾನ್ ಆಯಿತು, ಅವರ ಬಾಯಿಂದ ಇಡೀ ಆಸ್ಪತ್ರೆಗೆ ಹರಡಿತು. "ಶಾನ್ ಯಾವಾಗ ಬರ್ತದ" ಎಂದು ಕ್ಯಾಂಟೀನಿನವರೂ ಕೇಳತೊಡಗಿದರು.

ಮಂಡಳಿಯ ಸಭೆಯಲ್ಲಿ ಅವಳು ಚಿತ್ರ ತೋರಿಸಿದಾಗ ಗಿರಣಿಯ ಯಜಮಾನರೊಬ್ಬರು ಕನ್ನಡಕ ಏರಿಸಿ ನೋಡಿದರು. ಪ್ರತಿ ಸರ್ವರ್‌ನಿಂದ ಎರಡು ಎಳೆ. ಒಂದೊಂದೂ ಬೇರೆ ಬೇರೆ ಸ್ವಿಚ್ಚಿಗೆ, ಎಂದರೆ ಎಳೆಗಳನ್ನು ಕೂಡಿಸಿ ದಾರಿ ಮಾಡಿಕೊಡುವ ಪೆಟ್ಟಿಗೆಗೆ. ಆ ಸ್ವಿಚ್ಚುಗಳಿಂದ ಮತ್ತೆ ಬೇರೆ ಬೇರೆಯಾಗಿಯೇ ಕಪಾಟಿಗೆ. ಒಂದು ಕಡಿದರೆ ಇನ್ನೊಂದು ಇರಲಿ ಎಂದು. "ಎಲ್ಲಾ ಎರಡೆರಡು ಯಾಕ?" ಎಂದರು ಅವರು. ಮೋನಮ್ಮ ಬಾಯಿ ತೆರೆಯುವುದರೊಳಗೆ ಬಸವಂತರಾಯರು, "ಮದಿವಿ ಒಂದೂ ಆಗಿಲ್ಲರಿ ಆಕಿಗಿ, ಅದಕ್ಕ ಎಲ್ಲಾ ಎರಡೆರಡು ಕೇಳ್ತಾಳ" ಎಂದರು. ಎಲ್ಲರೂ ನಕ್ಕರು. ಅವಳೂ ನಕ್ಕಳು. ತಾನೂ ನಕ್ಕದ್ದು ನೆನಪಾದಾಗಲೆಲ್ಲ ಈಗಲೂ ಅವಳ ಕಿವಿ ಬಿಸಿಯಾಗುತ್ತದೆ. ಅಲ್ಲಿಂದ ಮುಂದೆ ಮೊದಲ ಸ್ವಿಚ್ಚಿಗೆ ಹಿರೇಹೆಂಡ್ತಿ, ಎರಡನೆಯದಕ್ಕೆ ಸವತಿ ಎಂಬ ಹೆಸರು ಬಿದ್ದವು. ಸವತಿ ಯಾಕೆ ಬೇಕು ಎಂದು ಒಪ್ಪಿಸಲು ಅವಳಿಗೆ ಎರಡು ಮಳೆಗಾಲ ಬೇಕಾಯಿತು. ಕೊನೆಗೆ ಒಪ್ಪಿದವರು ಅದನ್ನು ಕಾಲುವೆಗೆ ಹೋಲಿಸಿಯೇ ಒಪ್ಪಿದರು. "ಹಂಗಂದ್ರ ಕೆನಾಲ್ ಇದ್ದಂಗ. ಡ್ಯಾಮಿನ್ಯಾಗ ನೀರು, ಎರಡೂ ದಂಡಿಗಿ ಕಾಲುವಿ." ಹೌದ್ರಿ ಎಂದಳು. ಹೌದಲ್ಲ ಎಂದು ಒಳಗೆ ಏನೋ ಕೂಗಿತು. ಕಾಲುವೆ ಅವಳಿಗೆ ಗೊತ್ತಿತ್ತು. ಅವ್ವ ಮಣ್ಣಿನ ಬುಟ್ಟಿ ಹೊತ್ತು ಆ ಕಾಲುವೆಯ ದಂಡೆ ಏರುತ್ತಿದ್ದಾಗ ಇವಳು ಕೆಳಗೆ ಹರಕು ಸೀರೆಯ ನೆರಳಲ್ಲಿ ಕೂತು ಅವ್ವನ ಹಿಮ್ಮಡಿಗಳನ್ನೇ ನೋಡುತ್ತಿದ್ದಳು. ಮುಖ ಬುಟ್ಟಿಯ ಮಣ್ಣುದುರಿ ಗುರುತು ಸಿಗುತ್ತಿರಲಿಲ್ಲ, ಹಿಮ್ಮಡಿಯಿಂದಲೇ ಅವ್ವ ಯಾರು ಎಂದು ತಿಳಿಯಬೇಕಾಗಿತ್ತು. ನೀರು ಬಂದ ದಿನ ಜನ ಅರಿಶಿನ ಕುಂಕುಮ ಎರಚಿದರು. ಆ ನೀರು ಮೇಲಿನವರ ಗದ್ದೆಗಳಲ್ಲೇ ಕುಡಿದು ಮುಗಿದು, ಕೊನೆಯ ಹೊಲಗಳಿಗೆ, ತಮ್ಮವರ ತುಂಡು ನೆಲಕ್ಕೆ, ಬರೀ ಕಾಲುವೆಯಾಗಿ ಬಂದಿತು. ಒಣ ಕಾಲುವೆಯಲ್ಲಿ ಅವಳು, ಕೇರಿಯ ಮಕ್ಕಳು ಗೋಲಿ ಆಡಿದರು. ಹಾಗಾಗಿ ಯಾರಾದರೂ ಅವಳ ಕೆಲಸವನ್ನು ಕಾಲುವೆಗೆ ಹೋಲಿಸಿದರೆ ಅವಳಿಗೆ ಹೊಗಳಿಕೆ ಎನಿಸುತ್ತಿರಲಿಲ್ಲ.

ಗೇಟು ಎದ್ದಿತು. ಆಸ್ಪತ್ರೆಯ ಬಾಗಿಲಲ್ಲಿ ಬಾಳೆಕಂಬ ಕಟ್ಟಿದ್ದರು. ಮೊದಲ ಮಹಡಿಯಲ್ಲಿ, ಉದ್ಘಾಟನೆಗೆ ಮೊದಲೇ ಕೆಲಸ ಶುರುವಾಗಿದ್ದ ಯಂತ್ರದ ಖೋಲಿಯ ಮುಂದೆ ಚೆಂಡುಹೂವಿನ ಸರ, ಒಂದು ಸ್ಟೂಲಿನ ಮೇಲೆ ಆರತಿ ತಟ್ಟೆ, ತೆಂಗಿನಕಾಯಿ. ಪೂಜಾರಿ ಒಳಗೆ ಕಾಲಿಡಲು ಹೊರಟಿದ್ದ. ಮೋನಮ್ಮ ಅಡ್ಡ ನಿಂತಳು. ಒಳಗೆ ಕಾಯಿ ಒಡೆಯುವಂತಿಲ್ಲ, ನೀರು ಸಿಡಿಯುತ್ತದೆ, ಕರ್ಪೂರದ ಹೊಗೆಗೆ ಬೆಂಕಿಯ ಗಂಟೆ ಹೊಡೆದುಕೊಳ್ಳುತ್ತದೆ ಎಂದಳು. ಬಸವಂತರಾಯರು ಅವಳನ್ನು ಪಕ್ಕಕ್ಕೆ ಕರೆದು, ಮೆಲ್ಲಗೆ, ಬಹಳ ಸಮಾಧಾನದಿಂದ ಹೇಳಿದರು: "ನಿಮ್ಮ ಮಂದಿ ಬುದ್ಧನ್ನ ನಂಬ್ತೀರಿ, ಪೂಜಿ ಮಾಡಂಗಿಲ್ಲ, ಗೊತ್ತದ ನಂಗ. ಆದ್ರ ಇದು ನಿಮ್ಮ ಮನಿ ಅಲ್ಲ."

"ನೀರು ಬೀಳಬಾರದ್ರಿ, ಅಷ್ಟ ಹೇಳಿದ್ದು" ಎಂದಳು ಮೋನಮ್ಮ.

ಕಾಯಿಯನ್ನು ಹೊಸ್ತಿಲ ಹೊರಗೆ ಒಡೆದರು. ಪೂಜಾರಿ ಎಲ್ಲರ ಹಣೆಗೂ ಕುಂಕುಮ ಇಡುತ್ತ ಬಂದು, ಅವಳ ಮುಂದೆ ಬಂದಾಗ ಬೆರಳನ್ನು ಗಾಳಿಯಲ್ಲಿ ಹಿಡಿದು ನಿಲ್ಲಿಸಿ, ಇಡಲೋ ಬೇಡವೋ ಎಂಬಂತೆ ಬಸವಂತರಾಯರ ಕಡೆ ನೋಡಿ, ಮುಂದಕ್ಕೆ ಹೋದ. ಅವಳಿಗೆ ಕುಂಕುಮ ಬೇಕಿರಲಿಲ್ಲ. ಆದರೆ ಆ ಬೆರಳು ಗಾಳಿಯಲ್ಲಿ ನಿಂತ ಆ ಕ್ಷಣವೂ ಬೇಕಿರಲಿಲ್ಲ. ನೋಡಿದ್ದರೆ ನೇರ ನನ್ನನ್ನೇ ನೋಡಬಹುದಿತ್ತಲ್ಲ, ನನ್ನನ್ನೇ ಕೇಳಬಹುದಿತ್ತಲ್ಲ ಎಂದು ಅವಳಿಗೆ ಅನಿಸುತ್ತಿರುವಾಗ ಒಳಗೆ ಫ್ಯಾನುಗಳ ಸದ್ದು ಒಂದೇ ಸಮ ಕೇಳುತ್ತಿತ್ತು. ಅವಳಿಗೆ ಆ ಸದ್ದು ಇಷ್ಟ. ಅದಕ್ಕೆ ಯಾರ ಹಣೆಯ ಲೆಕ್ಕವೂ ಇಲ್ಲ. ಯಂತ್ರ ಮಾರಿದ ಕಂಪನಿಯ ಇಂಜಿನಿಯರ್ ಅಯ್ಯಪ್ಪ, ಹೈದರಾಬಾದಿನಿಂದ ಬಂದು ಹದಿನೈದು ದಿನದಿಂದ ಲಾಡ್ಜಿನಲ್ಲಿ ಇದ್ದವನು, ಬಿಳಿ ಶರ್ಟು ಇಸ್ತ್ರಿ ಮಾಡಿಸಿಕೊಂಡು ಬಂದಿದ್ದ. "ಎಲ್ಲಾ ಗ್ರೀನ್ ಮೇಡಂ" ಎಂದ.

ಟ್ರಸ್ಟಿನವರು ಬಂದರು. ರಿಬ್ಬನ್ ಕತ್ತರಿಸಿದರು. ಇಕ್ಕಟ್ಟಾದ ಖೋಲಿಯೊಳಗೆ ಜರಿ ಶಲ್ಯಗಳು, ಅತ್ತರಿನ ವಾಸನೆ, ತಣ್ಣನೆ ಗಾಳಿಗೆ ಯಾರದೋ ಸೀನು. ಬಸವಂತರಾಯರು ಮಾತಾಡಿದರು. ಎಡದಂಡೆಯ ಮಣ್ಣಿನ ಮಕ್ಕಳಿಗೆ ಬೆಂಗಳೂರಿನ ಸೌಕರ್ಯ ಎಂದರು. ತಾವೇ ಓಡಾಡಿ, ತಾವೇ ಯೋಚಿಸಿ ಎರಡು ದಾರಿ ಮಾಡಿಸಿದ್ದೇವೆ ಎಂದರು. "ಒಂದು ಕೆಟ್ರ ಇನ್ನೊಂದು ಹಿಡೀತದ. ಈ ಶಾನ್ ಒಂದು ಕ್ಷಣ ಸೈತ ನಿಂದರಂಗಿಲ್ಲ." ಚಪ್ಪಾಳೆ ಬಿತ್ತು. ಆಮೇಲೆ ಅವರು ಅವಳ ಕಡೆ ತಿರುಗಿ, ಅತಿಥಿಗಳ ಮುಂದೆ ಮಾತ್ರ ಬಳಸುವ ಬಹುವಚನದಲ್ಲಿ, "ನಮ್ಮ ಮೋನಮ್ಮನವರೂ ಸಹಾಯ ಮಾಡ್ಯಾರ" ಎಂದರು.

ಸಹಾಯ. ಆ ಪದ ಅವಳ ಒಳಗೆ ಎಲ್ಲಿ ಹೋಗಿ ತಾಕಿತೋ. ಎರಡು ಮಳೆಗಾಲ, ಸವತಿ, ನಕ್ಕಾಗಿನ ತನ್ನ ಹಲ್ಲು, ಗಾಳಿಯಲ್ಲಿ ನಿಂತ ಬೆರಳು ಎಲ್ಲ ಒಂದೇ ಕಡೆಗೆ ನುಗ್ಗಿದವು. "ಹೇಳಿದ್ದು ತೋರಿಸ್ತೀನ್ರಿ" ಎಂದದ್ದು ತನ್ನದೇ ದನಿ ಎಂದು ಅವಳಿಗೆ ಆಮೇಲೆ ತಿಳಿಯಿತು. ಅಯ್ಯಪ್ಪ "ಮೇಡಂ" ಎಂದು ಅರ್ಧ ಹೆಜ್ಜೆ ಮುಂದೆ ಬಂದ. ಅಷ್ಟರಲ್ಲಿ ಅವಳು ಕಪಾಟಿನ ಹಿಂದಕ್ಕೆ ಹೋಗಿ, ಚಿತ್ರಗಳ ಸರ್ವರ್‌ನಿಂದ ಮೊದಲ ಸ್ವಿಚ್ಚಿಗೆ ಹೋಗುವ ಕಿತ್ತಳೆ ಬಣ್ಣದ ಸಣ್ಣ ಎಳೆಯನ್ನು ಎರಡು ಬೆರಳಲ್ಲಿ ಹಿಡಿದು, ಒತ್ತಿ, ಕಿತ್ತು ಮೇಲೆ ಹಿಡಿದಳು. ಗಾಜಿನ ಎಳೆ ಅದು, ಅದರೊಳಗೆ ಹರಿಯುವುದು ಬೆಳಕು, ಕರೆಂಟಲ್ಲ. ಕಿತ್ತರೆ ಕಿಡಿ ಹಾರುವುದಿಲ್ಲ, ಸದ್ದಾಗುವುದಿಲ್ಲ. ಎಲ್ಲರೂ ಅವಳ ಕೈಯನ್ನು ನೋಡಿದರು. ಅವಳು ಪರದೆಯನ್ನು ನೋಡಿದಳು. ಪರದೆಯ ಮೇಲೆ ಒಂದಾದ ಮೇಲೊಂದು ಸರಿಯುತ್ತಿದ್ದ ಎಕ್ಸ್‌ರೇಗಳು ಸರಿಯುವುದನ್ನು ನಿಲ್ಲಿಸಿದವು. ಒಂದು ಎದೆಗೂಡು ಅರ್ಧ ಬಂದು ಅಲ್ಲೇ ನಿಂತಿತು. ಬರುತ್ತದೆ, ಇನ್ನೊಂದು ದಾರಿ ಹಿಡಿಯಲು ಸ್ವಲ್ಪ ಹೊತ್ತು ಬೇಕು ಎಂದುಕೊಂಡಳು. ಬರಲಿಲ್ಲ. ಗೋಡೆಯ ಫೋನು ಹೊಡೆದುಕೊಂಡಿತು. ಎತ್ತಿದರೆ ಕೆಳಗಿನ ಸ್ಕ್ಯಾನಿಂಗ್ ಖೋಲಿಯ ಕುಬ್ರಾಬೇಗಂ. "ಮೋನವ್ವ, ಎಲ್ಲಾ ನಿಂತಾವ. ಟೇಬಲ್ ಮ್ಯಾಲ ಪೇಶಂಟ್ ಇದ್ದಾನ, ತಲಿಗಿ ಪೆಟ್ಟು. ಡಾಕ್ಟರ್ ಪಿಕ್ಚರ್ ಕೇಳಾಕತ್ತಾರ."

ಅವಳು ಎಳೆಯನ್ನು ಮತ್ತೆ ಸಿಕ್ಕಿಸಿದಳು. ಮೊದಲ ಸಲ ಕೂಡಲಿಲ್ಲ, ಮತ್ತೊಮ್ಮೆ ಒತ್ತಿದಳು. ಎದೆಗೂಡಿನ ಉಳಿದರ್ಧ ಮೆಲ್ಲಗೆ ಬಂತು. ಬಂದ ಮೇಲೆ ಅಯ್ಯಪ್ಪ ನಗುತ್ತ, "ಕರೆಂಟ್ ಫ್ಲಕ್ಚುಯೇಶನ್ ಸರ್, ಇಲ್ಲಿ ಕಾಮನ್" ಎಂದ. "ಹೂಂ ಹೂಂ, ಕರೆಂಟ್" ಎಂದು ಬಸವಂತರಾಯರು ಎಲ್ಲರನ್ನೂ ಉಪ್ಪಿಟ್ಟಿನ ಕಡೆಗೆ ಕರೆದುಕೊಂಡು ಹೊರಟರು. ಹೋಗುತ್ತ ಅವಳ ಕಡೆ ನೋಡಲೂ ಇಲ್ಲ.

ಮೆಟ್ಟಿಲು ಇಳಿಯುವಾಗ ಮೋನಮ್ಮನಿಗೆ ತನ್ನ ಚಪ್ಪಲಿಯ ಸದ್ದು ದೊಡ್ಡದಾಗಿ ಕೇಳಿಸಿತು. ಸ್ಕ್ಯಾನಿಂಗ್ ಖೋಲಿಯ ಹೊರಗೆ ಬೆಂಚಿನ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಸೀರೆಯ ಅಂಚು ಮೊಣಕಾಲವರೆಗೂ ಒದ್ದೆ, ಹೊಳೆಯ ಉಸುಕು ಅಂಟಿಕೊಂಡಿತ್ತು. ಹೆಸರು ಸಾಯಬಮ್ಮ, ಭೀಮೆಯ ದಂಡೆಯ ಊರಿನವಳು. ಗಂಡ ವೆಂಕಪ್ಪ ಮೀನಿನ ಬಲೆ ಬಿಚ್ಚಲು ಬೆಳಿಗ್ಗೆ ಹರಗೋಲು ಹತ್ತಿದವನು ಬ್ಯಾರೇಜಿನ ಕಲ್ಲಿಗೆ ತಲೆ ಬಡಿದುಕೊಂಡಿದ್ದ. ಇವಳೇ ನೀರಿಗಿಳಿದು ಎಳೆದು ತಂದಿದ್ದಳು. ಅವಳು ಮೋನಮ್ಮನ ಕೊರಳಿನ ಗುರುತಿನ ಪಟ್ಟಿ ನೋಡಿ ಎದ್ದು ನಿಂತಳು.

"ಯವ್ವ, ಒಳಗ ಏನೋ ನಿಂತದ ಅಂದ್ರು. ಕರೆಂಟ್ ಹೋಗ್ಯದಂತ. ಬಂತೇನು?"

ಹೌದು, ಬಂತು ಎಂದರೆ ಮುಗಿಯುತ್ತಿತ್ತು. ಇಡೀ ಆಸ್ಪತ್ರೆ ಈಗ ಆ ಮಾತನ್ನು ಒಪ್ಪಿಕೊಂಡಿತ್ತು. ಮೇಲೆ ಉಪ್ಪಿಟ್ಟು ತಿನ್ನುತ್ತಿದ್ದವರು ಸರಕಾರದ ಕರೆಂಟನ್ನು ಬೈಯುತ್ತಿರಬೇಕು. ಮೋನಮ್ಮ ಬಾಯಿ ತೆರೆದಳು. ಅವ್ವ ಬೆಳಿಗ್ಗೆ ಹೇಳಿದ್ದು ಇದನ್ನೇ ಏನೋ. "ಕರೆಂಟ್ ಹೋಗಿಲ್ಲಕ್ಕ. ನಾನೇ ವೈರ್ ಕಿತ್ತಿದ್ದೆ."

"ಯಾಕ?"

"ಒಂದು ಕಿತ್ರ ಇನ್ನೊಂದು ಹಿಡೀತದೋ ಇಲ್ಲೋ ನೋಡಾಕ."

"ಹಿಡೀತೇನು?"

"ಇಲ್ಲ."

ಬೈಗುಳಕ್ಕೆ ಮೋನಮ್ಮ ಸಿದ್ಧಳಾಗಿ ನಿಂತಳು. ಬೈಗುಳ ಬಂದಿದ್ದರೆ ಎದುರಿಸಬಹುದಿತ್ತು. ಸಾಯಬಮ್ಮ ಬೈಯಲಿಲ್ಲ. "ನೋಡಬೇಕವ್ವ, ಹಗ್ಗ ಎಳೆದು ನೋಡದ ನಾವೂ ಹೊಳಿಗಿ ಇಳ್ಯಂಗಿಲ್ಲ" ಎಂದಳು. ಆಮೇಲೆ ಬೆಂಚಿನ ಮೇಲೆ ಕೂತು, ಒದ್ದೆ ಸೆರಗನ್ನು ಹಿಂಡುತ್ತ, "ಆದ್ರ ನನ್ನ ಗಂಡ ಒಳಗ ಇದ್ದಾಗ ಯಾಕ ನೋಡ್ದಿ?" ಎಂದಳು.

ಎಳೆ ಕೀಳುವ ಮೊದಲು ಸ್ಕ್ಯಾನಿಂಗ್ ಖೋಲಿಗೆ ಫೋನ್ ಮಾಡಬೇಕು, ಟೇಬಲ್ ಖಾಲಿ ಇದೆಯೇ ಎಂದು ಕೇಳಬೇಕು. ಅದು ಅವಳೇ ಮಾಡಿದ ನಿಯಮ. ಅಯ್ಯಪ್ಪನಿಗೆ ಅವಳೇ ಕಲಿಸಿದ್ದು. ಮೇಲೆ ಆ ಖೋಲಿಯಲ್ಲಿ, ಸಹಾಯ ಎಂಬ ಆ ಪದ ಕಿವಿಗೆ ಬಿದ್ದಾಗ, ಕೆಳಗೆ ಒಂದು ಟೇಬಲ್ ಇದೆ, ಅದರ ಮೇಲೆ ಯಾರಾದರೂ ಮಲಗಿರಬಹುದು ಎಂಬುದು ಅವಳ ತಲೆಯಲ್ಲಿ ಸುಳಿದೇ ಇರಲಿಲ್ಲ. ತಲೆಯ ತುಂಬ ಬಸವಂತರಾಯರೇ ಇದ್ದರು. ಮೇಲಿನ ಗದ್ದೆಯವರು ನೀರು ತಿರುಗಿಸಿಕೊಳ್ಳುವಾಗ ಕೆಳಗಿನವರನ್ನು ಎಂದಾದರೂ ನೆನೆದಿದ್ದರೇ? ಆ ಯೋಚನೆ ಬಂದದ್ದೇ ಅವಳು ಅದನ್ನು ದೂಡಿದಳು. ಹೋಲಿಕೆ ಬೇಡ. ಮಾಡಿದ್ದು ಮಾಡಿದ್ದು. ಬಾಗಿಲು ತೆರೆದು ಡಾಕ್ಟರು ಹೊರಗೆ ಬಂದು, ಒಳಗೆ ರಕ್ತ ಹೆಪ್ಪುಗಟ್ಟಿಲ್ಲ, ಎರಡು ದಿನ ಇಟ್ಟುಕೊಂಡು ನೋಡೋಣ ಎಂದರು. ಸಾಯಬಮ್ಮ ಎರಡೂ ಕೈ ಮುಗಿದಳು, ಡಾಕ್ಟರಿಗೆ. ಮೋನಮ್ಮನ ಎದೆಯ ಭಾರ ಇಳಿಯಿತು. ಇಳಿದದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು, ಏಕೆಂದರೆ ಆ ಸಮಾಧಾನದಲ್ಲಿ ವೆಂಕಪ್ಪನ ತಲೆಗಿಂತ ಅವಳ ಪಾಲೇ ಹೆಚ್ಚಿತ್ತು.

ಮೇಲೆ ಬಂದು ಎರಡನೆಯ ಸ್ವಿಚ್ಚಿನ ಒಳಗನ್ನು ಪರದೆಯ ಮೇಲೆ ತೆರೆದು ನೋಡಿದಳು. ಹುಡುಕಲು ಬಹಳ ಹೊತ್ತು ಬೇಕಾಗಲಿಲ್ಲ. ಯಾವ ಸರ್ವರ್ ಕಪಾಟಿನ ಯಾವ ಭಾಗವನ್ನು ನೋಡಬಹುದು ಎಂಬ ಅನುಮತಿಯನ್ನು ಸ್ವಿಚ್ಚಿನಲ್ಲಿ ಬರೆಯಬೇಕು. ಬರೆದ ಮೇಲೆ ಅದನ್ನು ಜಾರಿಗೆ ತರಬೇಕು. ಬರೆದಿತ್ತು. ಜಾರಿಗೆ ಬಂದಿರಲಿಲ್ಲ. ದೀಪ ಹಸಿರು, ಎಳೆ ಗಟ್ಟಿ, ದಾರಿ ಮುಚ್ಚಿದೆ. ಮೊದಲ ಸ್ವಿಚ್ಚನ್ನು ಅಯ್ಯಪ್ಪ ಮಾಡಿದ್ದ. ಎರಡನೆಯದನ್ನು ನಾನೇ ಮಾಡುತ್ತೇನೆ ಎಂದು ಹಟ ಹಿಡಿದು ಕೂತವಳು ಅವಳು. ಎಷ್ಟು ಬೈಗುಳ ತಿಂದು ತಂದ ಸ್ವಿಚ್ಚು, ಅದನ್ನು ಬೇರೆಯವರ ಕೈಗೆ ಕೊಡಲು ಮನಸ್ಸಾಗಿರಲಿಲ್ಲ. ಆವತ್ತಿನ ಮಧ್ಯಾಹ್ನ ಅವಳಿಗೆ ನೆನಪಿತ್ತು. ಅನುಮತಿಗಳನ್ನೆಲ್ಲ ಬರೆದು ಮುಗಿಸುವ ಹೊತ್ತಿಗೆ ಬಸವಂತರಾಯರು ಹೇಳಿಕಳಿಸಿದ್ದರು, ಮಗಳ ಮದುವೆಯ ವಿಡಿಯೋ ಟಿವಿಯಲ್ಲಿ ಬರುತ್ತಿಲ್ಲ, ಬಂದು ನೋಡು ಎಂದು. ಹೋಗಿದ್ದಳು. ಸೋಫಾದ ಹಿಂದೆ ಬಗ್ಗಿ ವೈರು ಸಿಕ್ಕಿಸಿ, ಟಿವಿಯಲ್ಲಿ ಅಕ್ಷತೆ ಬೀಳುವುದನ್ನು ಮನೆಯವರೆಲ್ಲ ಕೂತು ನೋಡುತ್ತಿರಲು, ನಿಂತೇ ಚಹಾ ಕುಡಿದು ಬಂದಿದ್ದಳು. ಬಂದ ಮೇಲೆ ಜಾರಿ ಮಾಡಿದ್ದೇನೆ ಎಂದೇ ತಿಳಿದಿದ್ದಳು.

ಅಯ್ಯಪ್ಪ ಅವಳ ಹೆಗಲ ಮೇಲಿಂದ ಬಗ್ಗಿ ಪರದೆ ನೋಡಿದ. ಅವನಿಗೂ ಅರ್ಥವಾಯಿತು. ಒಳ್ಳೆಯವನೇ ಅವನು. "ಮೇಡಂ, ಕೇಬಲ್ ಲೂಸ್ ಅಂತ ನಮ್ಮ ಕಡಿಂದ ಹೇಳ್ತೀನಿ. ನಮ್ ಕಂಪನಿಗೆ ಏನೂ ಆಗಲ್ಲ. ನಿಮಗ್ಯಾಕೆ ಸುಮ್ನೆ."

"ಬ್ಯಾಡ" ಎಂದಳು.

"ಯಾಕೆ?"

"ಲೂಸ್ ಇದ್ದಿಲ್ಲಲ್ಲ."

ಅವಳು ಜಾರಿಯ ಆದೇಶ ಕೊಟ್ಟಳು. ಆದರೂ ಆ ಪರದೆ ಹೌದೆಂದದ್ದನ್ನು ಈಗ ಅವಳು ನಂಬಲಿಲ್ಲ.

ಬಸವಂತರಾಯರ ಖೋಲಿಯಲ್ಲಿ ಉಪ್ಪಿಟ್ಟಿನ ತಟ್ಟೆಗಳು ಇನ್ನೂ ಇದ್ದವು. ಅತಿಥಿಗಳು ಹೋಗಿದ್ದರು. ಬಹುವಚನವೂ ಅವರ ಜೊತೆ ಹೋಗಿತ್ತು. "ಕೂಡ್ರು" ಎನ್ನಲಿಲ್ಲ. "ಏನು ತೋರಿಸಾಕ ಹೋಗಿದ್ದಿ?" ಎಂದರು. "ಮಂಡಳಿ ಮುಂದ ನನ್ನ ಮರ್ಯಾದಿ ತೆಗಿಬೇಕಂತ ಇತ್ತೇನು?" ಇತ್ತು ಎಂದು ಅವಳಿಗೆ ಗೊತ್ತಿತ್ತು. ಸ್ವಲ್ಪ ಇತ್ತು. ಮದುವೆಯ ವಿಡಿಯೋ ನಾಲಿಗೆಯ ತುದಿಗೆ ಬಂತು. ನೀವು ಕರೆಯದಿದ್ದರೆ ಅದು ಆವತ್ತೇ ಸರಿಯಾಗಿರುತ್ತಿತ್ತು ಎಂದು ಹೇಳಿದರೆ ಈ ಮುಖ ಹೇಗಾದೀತು ಎಂದು ನೋಡುವ ಆಸೆಯಾಯಿತು. ನುಂಗಿದಳು. ಅವರಿಗೆ ಹೆದರಿ ನುಂಗಿದ್ದಲ್ಲ. ತನ್ನ ತಪ್ಪನ್ನೂ ಅವರಿಗೆ ಹಂಚುವುದು ಅವಳಿಗೆ ಬೇಕಿರಲಿಲ್ಲ. ಅದೊಂದಾದರೂ ಪೂರ್ತಿ ತನ್ನದಾಗಿರಲಿ ಎನಿಸಿತು.

"ತಪ್ಪು ನಂದೇ ರಿ. ಎರಡನೇ ಸ್ವಿಚ್ ನಾನೇ ಮಾಡಿದ್ದು. ಕರೆಂಟಿಂದಲ್ಲ. ಮಂಡಳಿಗಿ ನಾನೇ ಹೇಳ್ತೀನಿ."

ಬಸವಂತರಾಯರು ಇದನ್ನು ನಿರೀಕ್ಷಿಸಿರಲಿಲ್ಲ. ಟೂತ್‌ಪಿಕ್ಕನ್ನು ಎರಡು ಬೆರಳಲ್ಲಿ ತಿರುಗಿಸಿದರು. "ಮಂಡಳಿಗಿ ಯಾರೂ ಏನೂ ಹೇಳಾದು ಬ್ಯಾಡ. ಕರೆಂಟ್ ಅಂದೀನಿ, ಕರೆಂಟ್. ಈಗ ಸರಿ ಆತಿಲ್ಲೋ? ಮುಗೀತು. ಆ ಖೋಲಿ ಕೀಲಿ ಅಯ್ಯಪ್ಪನ ಕೈಯಾಗ ಕೊಡು. ಇನ್ನ ಮುಂದ ಅದನ್ನ ಯಾರೂ ಮುಟ್ಟಬಾರ್ದು."

"ಕೀಲಿ ಕೊಡಂಗಿಲ್ರಿ" ಎಂದಳು ಮೋನಮ್ಮ. ದನಿ ಏರಿರಲಿಲ್ಲ. "ಸರಿ ಆಗ್ಯದ ಅಂತ ನಂಗಿನ್ನೂ ಗೊತ್ತಿಲ್ಲ. ಇನ್ನೊಮ್ಮಿ ಕೀಳಬೇಕು. ಕುಬ್ರಾ ಆಪಾನ್ನ ಕೇಳಿ ಕೀಳ್ತೀನಿ."

"ಕಿತ್ತಿ ಅಂದ್ರ ನಾಳಿಂದ ನೀ ಸುರಪುರದಾಗ ಕೂಡ್ತಿ. ಇಲ್ಲಿ ನಿನಗ ಕೆಲಸಿಲ್ಲ."

ಸುರಪುರದ ಆಸ್ಪತ್ರೆಯ ಆ ಕತ್ತಲೆ ಖೋಲಿ ಅವಳ ಕಣ್ಣಿಗೆ ಬಂತು, ಡಬ್ಬಿ ಸುಟ್ಟ ಗೋಡೆಯ ಕಪ್ಪು, ದಿನಾ ಬಸ್ಸಿನ ಎರಡು ಪಯಣ, ಮನೆಯಲ್ಲಿ ಅವ್ವನ ನೋಯುವ ಮೊಣಕಾಲು. ಮುಖ್ಯಸ್ಥೆ ಎಂಬ ಹಲಗೆ ಇಲ್ಲಿ ಉಳಿಯುತ್ತದೆ, ಅದರ ಕೆಳಗೆ ಬೇರೆ ಯಾರೋ. "ಹೋಗ್ತೀನ್ರಿ" ಎಂದಳು. "ಇವತ್ತಿನ ಕೆಲಸ ಮುಗಿಸಿ ಹೋಗ್ತೀನಿ."

ಕೆಳಗೆ ಕುಬ್ರಾಬೇಗಂ ಅವಳನ್ನು ಒಳಗೆ ಬಿಡಲಿಲ್ಲ. ಹದಿನೇಳು ವರ್ಷ ಎಕ್ಸ್‌ರೇ ಖೋಲಿಯಲ್ಲಿ ಕಳೆದ, ಯಾರ ಮುಲಾಜೂ ಇಲ್ಲದ ಹೆಂಗಸು ಅವಳು. ಬಾಗಿಲಲ್ಲೇ ನಿಂತು, "ಬೆಳಿಗ್ಗಿ ಒಂದು ಫೋನ್ ಮಾಡಿದ್ರ ನಿನ್ನ ಕೈ ಸವೀತಿತ್ತೇನು?" ಎಂದಳು.

"ತಪ್ಪಾತು ಆಪಾ."

"ನಂಗೇನು ಹೇಳ್ತಿ. ಆ ಹೊಳಿ ಹೆಣ್ಮಗಳಿಗಿ ಹೇಳು."

"ಹೇಳೀನಿ."

ಕುಬ್ರಾ ಅವಳ ಮುಖ ನೋಡಿದಳು. "ಹೇಳಿದ್ಯಾ? ಕರೆಂಟ್ ಅಂತ ಹೇಳ್ಲಿಲ್ಲ?" ಆಮೇಲೆ ಇನ್ನೇನೂ ಕೇಳದೆ ಬೆಂಚು ತೋರಿಸಿದಳು. "ಕೂಡು. ಮೂರು ಮಂದಿ ಇದ್ದಾರ. ಮುಗೀಲಿ."

ಮೋನಮ್ಮ ರೋಗಿಗಳ ಜೊತೆ ಕೂತಳು. ಕೈಮುರಿದ ಹುಡುಗಿ, ಕೆಮ್ಮುವ ಮೇಷ್ಟ್ರು, ಯಾರದೋ ಅತ್ತೆ. ಯಾರೂ ಅವಳ ಗುರುತಿನ ಪಟ್ಟಿಗೆ ಜಾಗ ಬಿಡಲಿಲ್ಲ, ಬೆಂಚಿನ ತುದಿಯಲ್ಲಿ ಅರ್ಧ ಕೂತಳು. ಇಷ್ಟು ವರ್ಷದಲ್ಲಿ ಈ ಬೆಂಚಿನ ಮೇಲೆ ಎಂದೂ ಕೂತಿರಲಿಲ್ಲ ಎಂಬುದು ಹೊಳೆಯಿತು. ಇಲ್ಲಿಂದ ನೋಡಿದರೆ ಆಸ್ಪತ್ರೆ ಬೇರೆಯೇ ಕಾಣುತ್ತಿತ್ತು: ಒಂದು ಮುಚ್ಚಿದ ಬಾಗಿಲು, ಅದರ ಮೇಲೆ ಕೆಂಪು ದೀಪ, ಒಳಗೆ ಏನಾಗುತ್ತಿದೆ ಎಂದು ಹೇಳುವವರಿಲ್ಲ. ಮೇಷ್ಟ್ರು ಕೆಮ್ಮಿನ ನಡುವೆ, "ಬೆಳಿಗ್ಗಿ ಕರೆಂಟ್ ಹೋಗಿತ್ತಂತಲ್ರಿ" ಎಂದರು. "ಇಲ್ರಿ ಮಾಸ್ತರ" ಎಂದು ಅವಳು ಮತ್ತೆ ಮೊದಲಿಂದ ಹೇಳಿದಳು. ಎರಡನೆಯ ಸಲ ಹೇಳುವಾಗ ಅದು ಅಷ್ಟು ಕಷ್ಟವಾಗಲಿಲ್ಲ. ಮೇಷ್ಟ್ರು ಕೇಳಿ ತಲೆಯಾಡಿಸಿ, ಸ್ವಲ್ಪ ಸರಿದು, ಅವಳು ಪೂರ್ತಿ ಕೂರುವಷ್ಟು ಜಾಗ ಬಿಟ್ಟರು.

ಕೊನೆಯವರು ಹೊರಗೆ ಬಂದ ಮೇಲೆ ಕುಬ್ರಾ ಕೆಂಪು ದೀಪ ಆರಿಸಿದಳು. "ಟೇಬಲ್ ಖಾಲಿ ಅದ. ಹೊಸ ಪೇಶಂಟ್‌ನ ನಾನು ಒಳಗ ಬಿಡಂಗಿಲ್ಲ. ಮ್ಯಾಲ ಹೋಗಿ ಫೋನ್ ಮಾಡು. ನಾ ಹೇಳಿದ ಮ್ಯಾಲ ಕೀಳಬೇಕು, ಮೊದಲಲ್ಲ."

ಯಂತ್ರದ ಖೋಲಿಯ ಬಾಗಿಲಲ್ಲಿ ಬಸವಂತರಾಯರು ನಿಂತಿದ್ದರು. ಅವರ ಹಿಂದೆ ಅಯ್ಯಪ್ಪ, ಎಲ್ಲಿ ನೋಡಬೇಕೆಂದು ತಿಳಿಯದೆ ತನ್ನ ಶರ್ಟಿನ ಗುಂಡಿಗಳನ್ನು ನೋಡುತ್ತ. ಚೆಂಡುಹೂವಿನ ಸರ ಆಗಲೇ ಬಾಡಿತ್ತು. ಬಸವಂತರಾಯರು ಸರಿಯಲಿಲ್ಲ. ಮೋನಮ್ಮ ಅವರ ಮುಂದೆ ನಿಂತು ಕಾದಳು. ದಾರಿ ಬಿಡಿ ಎನ್ನಲಿಲ್ಲ, ರೀ ಎನ್ನಲೂ ಇಲ್ಲ, ಬರೀ ನಿಂತಳು. ಕಾಯುವುದನ್ನು ಈಗಷ್ಟೇ ಬೆಂಚಿನ ಮೇಲೆ ಕಲಿತು ಬಂದವಳ ಹಾಗೆ ನಿಂತಳು. ಕೊನೆಗೆ ಅವರೇ, ಮೊಬೈಲ್ ಬಂತೆಂಬ ನೆಪ ಮಾಡಿ, ಒಂದು ಭುಜ ಪಕ್ಕಕ್ಕೆ ತಿರುಗಿಸಿದರು. ಅಷ್ಟು ಸಾಕಿತ್ತು.

ಫೋನಿನ ರಿಸೀವರನ್ನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡು ಕಪಾಟಿನ ಹಿಂದೆ ಹೋದಳು. "ಆಪಾ?"

"ತಡಿ. ಶಹಾಪುರದ್ದು ಒಂದು ಹಳೇ ಚಿತ್ರ ತೆಗೀತೀನಿ. ಹಾಂ, ಯಾರದೋ ಮೊಣಕಾಲು. ಈಗ ಕೀಳು."

ಕಿತ್ತಳು. ಕಿತ್ತಳೆ ಎಳೆಯ ತುದಿ ಅವಳ ಬೆರಳುಗಳ ನಡುವೆ ಹಗುರವಾಗಿ ತೂಗಿತು. ಫೋನಿನಲ್ಲಿ ಕುಬ್ರಾಳ ಉಸಿರು ಮಾತ್ರ. ಮೋನಮ್ಮ ಪರದೆಯ ಕಡೆ ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲವೋ, ಇನ್ನು ಅದನ್ನು ನೋಡಿ ನಂಬುವುದಿಲ್ಲ ಎಂಬ ಹಟವೋ.

"ನಿಂತದ" ಎಂದಳು ಕುಬ್ರಾ.

ಮೋನಮ್ಮ ಕಣ್ಣು ಮುಚ್ಚಿದಳು.

"ಏ, ಇಲ್ಲ. ಬಂತು ನೋಡು. ಮೊಣಕಾಲು ಪೂರಾ ಬಂತು. ಅದರ ಮುಂದಿಂದೂ ಬರಾಕತ್ಯದ. ಇದ್ಯಾರ ಕೈ ಇದು, ಬಳಿ ಸೈತ ತೆಗೆದಿಲ್ಲ. ಬರಾಕತ್ತಾವ ಮೋನವ್ವ, ಒಂದರ ಹಿಂದ ಒಂದು."

ಅವಳು ಎಳೆಯನ್ನು ಹಾಗೇ ಹಿಡಿದುಕೊಂಡು, ಕುಬ್ರಾ ಒಂದೊಂದೇ ಅಂಗದ ಹೆಸರು ಹೇಳುವುದನ್ನು ಕೇಳುತ್ತ ನಿಂತಳು. ಅಯ್ಯಪ್ಪ ಪರದೆಯ ಮುಂದಿನಿಂದ ಮೆಲ್ಲಗೆ ಹೆಬ್ಬೆರಳು ಎತ್ತಿ ತೋರಿಸಿದ. ಬಸವಂತರಾಯರು ಒಳಗೆ ಬಂದು ಸರಿಯುತ್ತಿರುವ ಚಿತ್ರಗಳನ್ನು ನೋಡಿದರು. ಅವರ ಮುಖದಲ್ಲಿ ಏನೋ ಸಡಿಲಾಯಿತು. ನಾಳೆ ಯಾರ ಮುಂದೆ ಏನು ಹೇಳಬೇಕೆಂಬುದು ಆಗಲೇ ಒಳಗೆ ಜೋಡಿಸಿಕೊಳ್ಳುತ್ತಿತ್ತೇನೋ. "ಆತಲ್ಲ. ನಿನ್ನ ಹಟ ಆತು. ಹಚ್ಚು ಅದನ್ನ, ಖೋಲಿ ಹಾಕು" ಎಂದರು.

ಮೋನಮ್ಮ ಎಳೆಯನ್ನು ಅದರ ಜಾಗದಲ್ಲಿ ಕೂರಿಸಿದಳು. ಟಕ್ ಎಂದು ಕೂತಿತು. ಮೊದಲ ದಾರಿ ತೆರೆದಿದೆ ಎಂದು ಅಯ್ಯಪ್ಪ ಹೇಳುವವರೆಗೆ ಕಾದಳು. ಆಮೇಲೆ ಬಗ್ಗಿ, ಕೆಳಗಿನ ಸ್ವಿಚ್ಚಿಗೆ, ಎಲ್ಲರೂ ಸವತಿ ಎನ್ನುತ್ತಿದ್ದ ಅದಕ್ಕೆ, ಹೋಗಿದ್ದ ಎಳೆಯ ಮೇಲೆ ಬೆರಳಿಟ್ಟಳು.

"ಮತ್ತೇನದು?" ಎಂದರು ಬಸವಂತರಾಯರು.

"ಇನ್ನೊಂದು ಅದ್ರಿ" ಎಂದು ಹೇಳಿ, ಫೋನಿನೊಳಗೆ ಕೇಳಿದಳು, "ಆಪಾ, ಟೇಬಲ್ ಖಾಲಿ ಅದ ಇಲ್ಲೋ?"